ಸೂರ್ಯಕಾಂತಿಯ ಬೇರು ಅಗೆದ ವರ್ನಾ

ವರ್ನಾಳಿಗೆ ಆ ಗಿಡ ಕಂಡರೆ ಆಗುತ್ತಿರಲಿಲ್ಲ. ಹೂವಿನ ಮೇಲೆ ಸಿಟ್ಟೇನೂ ಇರಲಿಲ್ಲ. ಜೂನ್ ತಿಂಗಳಲ್ಲಿ ಕೆಂಪಂಚಿನ ಬೆಟ್ಟದ ಕಲ್ಲುಗಳ ನಡುವೆ ಬೆಟ್ಟದ ಸೂರ್ಯಕಾಂತಿ ಹಳದಿ ಹಳದಿಯಾಗಿ ಅರಳಿ ನಿಂತರೆ ಎಂಥವರಿಗೂ ಒಂದು ಗಳಿಗೆ ನಿಂತು ನೋಡಬೇಕು ಅನ್ನಿಸುತ್ತದೆ, ಅವಳೂ ನೋಡುತ್ತಿದ್ದಳು. ಹೊಲದ ಸೂರ್ಯಕಾಂತಿಯ ಹಾಗೆ ತಟ್ಟೆಯಗಲದ ಹೂವಲ್ಲ ಇದು. ಒಂದೇ ಬುಡದಿಂದ ಹತ್ತಾರು ಸಪೂರ ಕಾಂಡ, ಬೆರಳಗಲದ ಎಲೆ, ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಹೂವು. ಚಳಿಗಾಲಕ್ಕೆ ಮೇಲಿನದೆಲ್ಲ ಒಣಗಿ ಮುರಿದು ಬೀಳುತ್ತದೆ. ಹಿಮ ಕರಗಿದ ಮೇಲೆ ಅದೇ ಬುಡ ಮತ್ತೆ ಚಿಗುರುತ್ತದೆ. ವರ್ನಾಳ ಸಿಟ್ಟೆಲ್ಲ ನೆಲದ ಒಳಗಿದ್ದ ಆ ದಪ್ಪ, ಅಂಟಂಟು ಬೇರಿನ ಮೇಲೆ.

ಅವಳಿಗೆ ಆರು ವರ್ಷವಾಗಿದ್ದಾಗ ಅವಳ ಅಕ್ಕ ಐಡಾ ತೀರಿಕೊಂಡಳು. ಅಪ್ಪ ಒಬ್ಬ ಬಿಳಿಯನ ದನಗಳಿಗೆ ಚಳಿಗಾಲದ ಹುಲ್ಲು ಹಾಕುವ ಕೆಲಸದಲ್ಲಿದ್ದ. ಹೊಳೆದಂಡೆಯ ವಿಲೋ ಪೊದೆಗಳ ಮರೆಯಲ್ಲಿ ಕ್ಯಾನ್ವಾಸಿನ ಡೇರೆ ಹಾಕಿಕೊಂಡು ಮನೆಯವರೆಲ್ಲ ಅದರಲ್ಲೇ ಇದ್ದರು. ಅಮೆರಿಕದ ನೆವಾಡಾದ ಉತ್ತರದ ಗಡಿಯಲ್ಲಿ, ಆ ನೆಲದ ಮೂಲನಿವಾಸಿಗಳಾದ ನಮ್ಮ ಪೈಯೂಟ್ ಜನ ಆಗ ಬದುಕುತ್ತಿದ್ದುದೇ ಹಾಗೆ, ಕೆಲಸ ಇದ್ದ ಕಡೆ ಡೇರೆ. ಐಡಾಳಿಗೆ ಮೊದಲು ಕೆಮ್ಮು ಬಂತು, ಆಮೇಲೆ ಜ್ವರ, ಆಮೇಲೆ ಅವಳು ಹಾಸಿಗೆಯಿಂದ ಏಳಲೇ ಇಲ್ಲ. ಅವರಜ್ಜಿ ಒಂದು ಹಳೇ ಬಾಣಲೆಯಲ್ಲಿ ಕೆಂಡ ತುಂಬಿ, ಅದರ ಮೇಲೆ ಆ ಬೇರಿನ ಚೂರುಗಳನ್ನು ಉದುರಿಸುತ್ತಿದ್ದಳು. ಡೇರೆಯ ತುಂಬ ಹೊಗೆ. ರಾಳ ಸುಟ್ಟಂಥ, ಮೆಣಸು ಹುರಿದಂಥ ಘಾಟು. ಬಾಗಿಲ ಹತ್ತಿರ ತನ್ನ ಕಂಬಳಿಯ ಪಕ್ಕದಲ್ಲೇ ಬಾಣಲೆ ಇದ್ದದ್ದು, ಕಣ್ಣು ಉರಿದು ಓಡಿಹೋಗಲು ನೋಡಿದಾಗ ಅಜ್ಜಿ ಕತ್ತಿನ ಹಿಂಬದಿ ಹಿಡಿದು ಹೊಗೆಯಲ್ಲೇ ಕೂರಿಸಿದ್ದು ವರ್ನಾಳಿಗೆ ಚೆನ್ನಾಗಿ ನೆನಪಿತ್ತು.

"ಮೂವಾ, ಬಿಡು! ಕಣ್ಣು ಉರೀತಿದೆ!" ಎಂದು ಅವಳು ಅಜ್ಜಿಯ ಕೈಯನ್ನು ಪರಚಿದ್ದಳು. ಮೂವಾ ಅಂದರೆ ನಮ್ಮ ಮಾತಿನಲ್ಲಿ ಅಜ್ಜಿ.

"ಉರೀಲಿ. ಉಸಿರು ಎಳ್ಕೋ," ಅಂದಿದ್ದಳು ಅಜ್ಜಿ.

ಹಿಮ ಕರಗುವ ಹೊತ್ತಿಗೆ ಐಡಾ ಹೋದಳು. ತಿಂಗಳುಗಟ್ಟಲೆ ಹೊಗೆ ಹಾಕಿದರೂ ಅಕ್ಕ ಉಳಿಯಲಿಲ್ಲ ಎನ್ನುವುದೊಂದೇ ಆ ಮಗುವಿನ ತಲೆಯಲ್ಲಿ ಉಳಿಯಿತು. ಅಜ್ಜಿ ಮುಂದಿನ ವರ್ಷ ತಾನೂ ಕಣ್ಣು ಮುಚ್ಚಿದಳು. ಕೇಳಬೇಕಾದ್ದನ್ನು ಕೇಳುವ ವಯಸ್ಸು ವರ್ನಾಳಿಗೆ ಬರುವಷ್ಟರಲ್ಲಿ ಹೇಳಬೇಕಾದವರು ಯಾರೂ ಇರಲಿಲ್ಲ.

ಆಮೇಲೆ ಸರ್ಕಾರದ ವಸತಿ ಶಾಲೆ. ಅಲ್ಲಿ ಅವಳು ಕಲಿತದ್ದರಲ್ಲಿ ಕೊನೆತನಕ ಕೈಹಿಡಿದದ್ದು ಅಡುಗೆ. ನೂರು ಜನರಿಗೆ ಬೀನ್ಸ್ ಬೇಯಿಸುವುದು, ತಳ ಹತ್ತದ ಹಾಗೆ ನೋಡಿಕೊಳ್ಳುವುದು, ಯಾರು ಬೈದರೂ ಸೌಟು ಬಿಡದಿರುವುದು. ಶಾಲೆ ಬಿಟ್ಟ ಮೇಲೆ ಹುಲ್ಲು ಕೊಯ್ಯುವ ತಂಡಗಳಿಗೆ ಅಡುಗೆ ಮಾಡುತ್ತ ಊರೂರು ಸುತ್ತಿದಳು. ಹಾಗೆ ಸುತ್ತುವಾಗಲೇ ಕ್ಲೇಟನ್ ಸಿಕ್ಕಿದ. ಕುದುರೆ ಮೇಲೆ ದನ ಕಾಯುವವನು, ಮಾತು ಕಡಿಮೆ. ಬಿಡುವಿದ್ದಾಗ ಹಸಿ ಚರ್ಮದ ಪಟ್ಟಿ ಸೀಳಿ ಹಗ್ಗ ಹೆಣೆಯುತ್ತ ಅವಳ ಅಡುಗೆ ಗಾಡಿಯ ಪಕ್ಕ ಕೂರುತ್ತಿದ್ದ. ಒಂದು ದಿನ ತಲೆ ಎತ್ತದೆಯೇ ಕೇಳಿದ.

"ನನ್ನ ಮದುವೆ ಆಗ್ತೀಯಾ?"

"ಯಾಕೆ, ಬೀನ್ಸ್ ಅಷ್ಟು ಚೆನ್ನಾಗಿದ್ವಾ?"

"ಉಪ್ಪು ಜಾಸ್ತಿ," ಅಂದ ಕ್ಲೇಟನ್. "ಆದ್ರೂ ಪರವಾಗಿಲ್ಲ."

ಮದುವೆಯಾಗಿ ಅವನ ಮನೆಗೆ ಕಾಲಿಟ್ಟ ಕ್ಷಣವೇ ವರ್ನಾ ಮೂಗು ಮುಚ್ಚಿಕೊಂಡಳು. ಮನೆಯ ತುಂಬ ಅದೇ ವಾಸನೆ. ಅಡುಗೆಮನೆಯ ತೊಲೆಗೆ ಬೇರಿನ ಗೊಂಚಲುಗಳು ತೂಗುತ್ತಿದ್ದವು. ಕೆಲವು ಗಜ್ಜರಿಯಷ್ಟು, ಕೆಲವು ಮುಂಗೈಯಷ್ಟು ದಪ್ಪ. ಅವುಗಳ ಕೆಳಗೆ ಕುಳಿತಿದ್ದವಳು ಕ್ಲೇಟನ್‌ನ ತಾಯಿ ಲೊವೀನಾ. ಕುಳ್ಳು ಹೆಂಗಸು, ತಲೆಗೆ ಕಟ್ಟಿದ ಬಣ್ಣದ ಬಟ್ಟೆ, ಬಾಯಿ ಕತ್ತರಿ. ಬೆಟ್ಟದ ಆ ಬೇರು ಬೇಕಾದವರೆಲ್ಲ ಬರುತ್ತಿದ್ದುದು ಅವಳ ಬಾಗಿಲಿಗೆ. ಕೈ ಉಳುಕಿದವರಿಗೆ ಜಜ್ಜಿ ಕಟ್ಟಲು, ತಲೆನೋವಿನವರಿಗೆ ಕುದಿಸಿ ತೊಳೆಯಲು, ಕಾಯಿಲೆಯವರು ಮಲಗಿದ ಮನೆಗೆ ಹೊಗೆ ಹಾಕಲು.

"ಮೂಗು ಯಾಕೆ ಮುಚ್ಕೊಳ್ತೀಯ ಹುಡುಗಿ?" ಎಂದಳು ಲೊವೀನಾ, ಸೊಸೆಯನ್ನು ಮೇಲಿಂದ ಕೆಳಗೆ ನೋಡಿ. "ನಿನ್ನ ಗಂಡ ಹುಟ್ಟಿದ್ದೇ ಈ ವಾಸನೇಲಿ."

"ಅದಕ್ಕೇ ಅವರು ಹೊರಗಡೇನೇ ಇರ್ತಾರೆ ಅನ್ಸುತ್ತೆ ಅತ್ತೆ," ಅಂದಳು ವರ್ನಾ.

ಕ್ಲೇಟನ್ ನಕ್ಕು ಕೆಮ್ಮಿದ. ಲೊವೀನಾ ನಗಲಿಲ್ಲ. ಆದರೆ ಆ ದಿನ ಊಟಕ್ಕೆ ಜಿಂಕೆ ಮಾಂಸದ ಒಳ್ಳೆಯ ತುಂಡು ಸೊಸೆಯ ತಟ್ಟೆಗೇ ಬಿತ್ತು.

ಇಬ್ಬರೂ ದುಡಿದು ಒಂದು ಹಳೇ ಪಿಕಪ್ ಗಾಡಿ ಕೊಂಡರು. ಓಡಿಸಲು ಬರುತ್ತಿದ್ದುದು ವರ್ನಾಳಿಗೆ ಮಾತ್ರ. ಕ್ಲೇಟನ್‌ಗೆ ನಾಲ್ಕು ಕಾಲಿನದೇ ಸವಾರಿ ಹಿತ. ಎರಡನೇ ವಸಂತದಲ್ಲಿ, ಕರು ಅಟ್ಟುವಾಗ, ಅವನ ಕುದುರೆ ಬೀಳು ನೆಲದ ಬಿಲವೊಂದಕ್ಕೆ ಕಾಲು ಹಾಕಿ ಮಗುಚಿತು. ಕ್ಲೇಟನ್ ಕೆಳಗೆ, ಕುದುರೆ ಮೇಲೆ. ಜೊತೆಗಿದ್ದವರು ಅವನನ್ನು ಕಂಬಳಿಯಲ್ಲಿ ಸುತ್ತಿ ಮನೆಗೆ ತಂದರು.

ಅತ್ತು, ಸತ್ತವರಿಗಾಗಿ ನಮ್ಮಲ್ಲಿ ಮಾಡುವಂತೆ ಕೂದಲು ಕತ್ತರಿಸಿಕೊಂಡು, ಅವನ ಬಟ್ಟೆ ತಡಿಗಳನ್ನೆಲ್ಲ ಸುಟ್ಟ ಮೇಲೆ ಮನೆಯಲ್ಲಿ ಉಳಿದವರು ಇಬ್ಬರು ಹೆಂಗಸರು. ಮಕ್ಕಳಾಗಿರಲಿಲ್ಲ. ವರ್ನಾ ತನ್ನ ಚಿಕ್ಕಪ್ಪನ ಊರಿಗೆ ಹೋಗುತ್ತಾಳೆ ಎಂದು ಊರೆಲ್ಲ ಅಂದುಕೊಂಡಿತು. ಅವಳೂ ಹಾಗೇ ಅಂದುಕೊಂಡು ಗಂಟು ಕಟ್ಟಿ ಗಾಡಿಗೆ ಹಾಕಿದಳು. ಲೊವೀನಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಹೋಗ್ತೀಯಾ?"

"ಹೂಂ, ಅತ್ತೆ."

"ಹೋಗು. ಗಾಡಿ ಬಿಟ್ಟು ಹೋಗು. ನನ್ನ ಮಗ ದುಡಿದು ತಗೊಂಡಿದ್ದು."

"ನಾನೂ ದುಡಿದಿದ್ದೀನಿ. ನಿಮಗೆ ಓಡ್ಸೋಕೆ ಬರುತ್ತಾ?"

"ನಿಲ್ಸಿಟ್ಕೊಂಡು ನೋಡ್ತೀನಿ. ನಿನಗೇನು?"

"ಗಾಡಿ ಬಿಟ್ಟು ನಾನು ಹೋಗಲ್ಲ."

"ಹಂಗಾದ್ರೆ ಹೋಗ್ಬೇಡ," ಎಂದು ಮುದುಕಿ ಒಳಗೆ ಹೋದಳು.

ವರ್ನಾ ಗಾಡಿಯೊಳಗೆ ಸುಮಾರು ಹೊತ್ತು ಕೂತಿದ್ದಳು. ಚಿಕ್ಕಪ್ಪನ ಮನೆಯಲ್ಲಿ ತನಗಾಗಿ ಕಾದಿರುವವರು ಯಾರೂ ಇಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಇಲ್ಲಿ ಜಗಳವಾಡಲಾದರೂ ಒಬ್ಬಳಿದ್ದಾಳೆ. ಒಳಗಿನಿಂದ ಕಾಫಿ ಕುದಿಯುವ ವಾಸನೆ ಬಂತು, ಅದರ ಜೊತೆಗೇ ಆ ದರಿದ್ರ ಬೇರಿನ ವಾಸನೆ. ಗಂಟು ಇಳಿಸಿಕೊಂಡು ಒಳಗೆ ಹೋದಳು. ಒಲೆಯ ಮೇಲಿನ ಕಾಫಿ ಇಬ್ಬರಿಗಾಗುವಷ್ಟಿತ್ತು.

ಗಾಡಿ ಇದ್ದ ಮೇಲೆ ಬೆಟ್ಟಕ್ಕೆ ಹೋಗುವ ಕೆಲಸವೂ ವರ್ನಾಳ ಕೊರಳಿಗೆ ಬಿತ್ತು. ಮೊದಲೆಲ್ಲ ಲೊವೀನಾ ಕುದುರೆ ಮೇಲೆ ಹೋಗಿ ಎರಡು ದಿನ ಬೆಟ್ಟದಲ್ಲೇ ತಂಗಿ ಬೇರು ತರುತ್ತಿದ್ದಳು. ಈಗ ಪ್ರತಿ ಬೇಸಿಗೆ ಸೊಸೆಯ ಪಕ್ಕ ಕೂತು, ಗುಂಡಿ ಬಂದಾಗಲೆಲ್ಲ ಬೈಯುತ್ತ, ಕೆಂಪಂಚಿನ ಬುಡದವರೆಗೆ ಬರುತ್ತಿದ್ದಳು. ಅಲ್ಲಿಂದ ಮೇಲಕ್ಕೆ ನಡಿಗೆ. ಸೇಜ್ ಪೊದೆಗಳು, ಆಮೇಲೆ ಜುನಿಪರ್ ಮರಗಳು, ಆಮೇಲೆ ಬರೀ ಕಲ್ಲು. ಮಳೆ ಅಪರೂಪದ ಆ ಇಳಿಜಾರಿನಲ್ಲಿ ಬೇರೆ ಯಾವುದೂ ಹಸಿರಾಗಿ ನಿಲ್ಲದ ಕಡೆ ಈ ಸೂರ್ಯಕಾಂತಿ ನಿಲ್ಲುತ್ತಿತ್ತು.

ಅಗೆಯುವುದು ಸುಲಭವಲ್ಲ. ಬೇರು ಕಲ್ಲಿನ ಸಂದಿಗೆ ಇಳಿದಿರುತ್ತದೆ; ಅವಸರ ಮಾಡಿದರೆ ಅರ್ಧಕ್ಕೆ ಮುರಿಯುತ್ತದೆ. ಹಳೇ ಕುಂಟೆಯ ಕಬ್ಬಿಣದ ಹಲ್ಲನ್ನು ಬಡಿಸಿ ಮಾಡಿದ ಗಿಡ್ಡ ಹಾರೆಯಿಂದ ಸುತ್ತ ಕಲ್ಲು ಬಿಡಿಸಿ, ಮಣ್ಣು ಕೆದಕಿ, ಕೈಯಿಂದ ಅಲ್ಲಾಡಿಸಿ ತೆಗೆಯಬೇಕು. ಅತ್ತೆಗೆ ಸೊಂಟ ನೋವು. ಅಗೆತ ಸೊಸೆಯದು, ಉಸ್ತುವಾರಿ ಅತ್ತೆಯದು.

"ಅಲ್ಲ, ಅದನ್ನಲ್ಲ. ಅದು ಮುದುಕಿ. ಬೀಜ ಬೀಳಿಸ್ಲಿ, ಬಿಡು."

"ಎಲ್ಲಾ ಒಂದೇ ಥರ ಇವೆ ಅತ್ತೆ."

"ಎಲ್ಲಾ ಬೀನ್ಸೂ ಒಂದೇ ಥರ ಇರುತ್ವೆ. ಆದ್ರೂ ನೀನು ಕಲ್ಲು ಆರಿಸ್ತೀಯಲ್ಲ? ಹಂಗೇ ನೋಡು."

ಬೇರು ತೆಗೆದ ಗುಂಡಿಯಲ್ಲಿ ಏನಾದರೂ ಬಿಟ್ಟು ಬರಬೇಕು. ಲೊವೀನಾ ಒಂದು ಚಿಟಿಕೆ ಹೊಗೆಸೊಪ್ಪೋ, ಮಣಿಯೋ ಹಾಕಿ, ಬೆಟ್ಟದ ಕಡೆ ತಿರುಗಿ ಮೆಲ್ಲಗೆ ಮಾತಾಡುತ್ತಿದ್ದಳು. ಮೊದಲ ಸಲ ವರ್ನಾ ಏನೂ ಹಾಕದೆ ಮಣ್ಣು ಎಳೆದಳು.

"ಕದ್ಕೊಂಡು ಹೋಗ್ತೀಯಾ?" ಅಂದಳು ಅತ್ತೆ.

"ನನ್ನ ಹತ್ರ ಏನೂ ಇಲ್ಲ. ನನಗೆ ಇದರಲ್ಲಿ ನಂಬಿಕೇನೂ ಇಲ್ಲ."

"ನಿನ್ನ ನಂಬಿಕೆ ಯಾರಿಗೆ ಬೇಕು? ಏನಾದ್ರೂ ಹಾಕು."

ವರ್ನಾ ರೇಗಿ ತನ್ನ ಏಪ್ರನ್ನಿನ ಗುಂಡಿ ಕಿತ್ತು ಎಸೆದಳು. ಅದಾದ ಮೇಲೆ ಪ್ರತಿ ಬೇಸಿಗೆಯ ಕೊನೆಗೆ ಅವಳ ಬಟ್ಟೆಗಳಲ್ಲಿ ಗುಂಡಿಗಳಿಗಿಂತ ಪಿನ್ನುಗಳೇ ಹೆಚ್ಚಿರುತ್ತಿದ್ದವು.

ಹೀಗೇ ವರ್ಷಗಳು ಹೋದವು. ಅಡುಗೆ ಕೆಲಸಕ್ಕೆ ಹೋಗಿ ಬರುವಳು, ಬಂದ ಮೇಲೆ ಅತ್ತೆಯ ಜೊತೆ ಜಗಳ, ಜಗಳವಾದ ಮೇಲೆ ಇಬ್ಬರಿಗೂ ಊಟ. ವರ್ನಾ ನಂಬದೆ ಅಗೆದಳು, ನಂಬದೆ ತೊಳೆದು ಒಣಗಿಸಿದಳು. ಯಾರಾದರೂ ಬೇರು ಕೇಳಿಕೊಂಡು ಬಂದು ಅತ್ತೆ ಮನೆಯಲ್ಲಿಲ್ಲದಿದ್ದರೆ ತಾನೇ ಕೊಡುತ್ತಿದ್ದಳು. ಕೊಡುವಾಗ ತಪ್ಪದೆ ಹೇಳುವಳು: "ಇದರಿಂದ ವಾಸಿ ಆಗುತ್ತೆ ಅಂತ ನಾನು ಹೇಳ್ತಿಲ್ಲ. ಡಾಕ್ಟ್ರ ಹತ್ರಾನೂ ಹೋಗಿ." ಜನ ತಲೆಯಾಡಿಸಿ ತೆಗೆದುಕೊಂಡು ಹೋಗುತ್ತಿದ್ದರು.

ಒಂದು ಚಳಿಗಾಲ ಊರಿನಲ್ಲಿ ಅರ್ಧಕ್ಕರ್ಧ ಜನ ಜ್ವರ ಹಿಡಿದು ಮಲಗಿದರು. ಲೊವೀನಾ ಮನೆ ಮನೆಗೆ ಬೇರು ಹೊತ್ತು ತಿರುಗಿ, ಕೊನೆಗೆ ತಾನೇ ಎದೆ ಕಟ್ಟಿ ಬಿದ್ದಳು. ಉಸಿರಾಡಿದರೆ ಒಳಗೆ ನೀರು ಕುದಿಯುವ ಸದ್ದು. ವರ್ನಾ ಅವಳನ್ನು ಕಂಬಳಿಯಲ್ಲಿ ಸುತ್ತಿ, ಬೈಗುಳ ಕೇಳಿಸಿಕೊಳ್ಳುತ್ತಲೇ ಗಾಡಿಯಲ್ಲಿ ಹಾಕಿ, ಪಟ್ಟಣದ ಸಣ್ಣ ಆಸ್ಪತ್ರೆಗೆ ಸೇರಿಸಿದಳು.

ಅಲ್ಲಿದ್ದ ನರ್ಸ್ ಮೈಟೆ, ಕುರಿ ಮೇಯಿಸಲು ಸ್ಪೇನಿನ ಬಾಸ್ಕ್ ನಾಡಿನಿಂದ ಬಂದು ಇಲ್ಲೇ ನೆಲೆಯಾದವನೊಬ್ಬನ ಮಗಳು. ಎತ್ತರದ ಆಳು, ದೊಡ್ಡ ಕೈ, ಗಟ್ಟಿ ದನಿ. ಲೊವೀನಾಳ ಮೂಗಿಗೆ ಆಮ್ಲಜನಕದ ಕೊಳವೆ ಸಿಕ್ಕಿಸಿ, ಸೂಜಿ ಚುಚ್ಚಿದಳು. ಎರಡು ದಿನ ಮುದುಕಿಗೆ ಎಚ್ಚರವೇ ಇರಲಿಲ್ಲ. ಮೂರನೇ ದಿನ ಕಣ್ಣು ಬಿಟ್ಟವಳು ಮೊದಲು ಕೇಳಿದ್ದು ಬೇರು.

"ಹೊಗೆ ಹಾಕು."

"ಇದು ಆಸ್ಪತ್ರೆ ಅತ್ತೆ. ಇಲ್ಲಿ ಹಾಕಂಗಿಲ್ಲ."

"ಹಂಗಾದ್ರೆ ನಾನು ಉಣ್ಣಲ್ಲ," ಎಂದು ತುಟಿ ಬಿಗಿದಳು ಲೊವೀನಾ. ಬೆಳಗಿನ ಗಂಜಿ ಮುಟ್ಟಲಿಲ್ಲ. ಮಧ್ಯಾಹ್ನದ ಸೂಪೂ ಹಾಗೇ ಆರಿಹೋಯಿತು.

ಮೈಟೆ ಬಂದು ಸೊಂಟದ ಮೇಲೆ ಕೈಯಿಟ್ಟಳು. "ಏನಂತೆ ಇವರದ್ದು?"

ವರ್ನಾ ಹೇಳಿದಳು.

"ಈ ಕೊಳವೆ ಇರೋ ಕೋಣೇಲಿ ಒಂದು ಬೆಂಕಿ ಕಡ್ಡಿ ಗೀರಿದ್ರೂ ನಾವೆಲ್ಲ ಚಾವಣಿ ಸಮೇತ ಹಾರಿಹೋಗ್ತೀವಿ," ಎಂದಳು ಮೈಟೆ. "ಆಗೋ ಮಾತಲ್ಲ ಅಜ್ಜಿ."

"ನಿಮ್ಮಪ್ಪನ ಕುರಿಗಳು ನಮ್ಮ ಬೆಟ್ಟದ ಹೂವೆಲ್ಲ ತಿಂದು ಮುಗಿಸಿದ್ವು," ಎಂದಳು ಲೊವೀನಾ, ಉಸಿರು ಎಳೆಯುತ್ತ. "ಆಗ ಆಗೋ ಮಾತಾಗಿತ್ತಾ?"

"ಕುರಿಗಳಿಗೆ ರುಚಿ ಗೊತ್ತು ಅಜ್ಜಿ. ನಿಮಗೆ ನಮ್ಮ ಸೂಪಿನ ರುಚಿ ಗೊತ್ತಿಲ್ಲ. ಉಣ್ಣಿ."

ಮುದುಕಿ ಗೋಡೆ ಕಡೆ ತಿರುಗಿದಳು. ಮೈಟೆ ಹೋದ ಮೇಲೆ ವರ್ನಾಳಿಗೆ ತಡೆಯಲಾಗಲಿಲ್ಲ. ಮೂರು ದಿನ ನಿದ್ದೆ ಕೆಟ್ಟಿದ್ದಳು. ವರ್ಷಾನುಗಟ್ಟಲೆ ನುಂಗಿಕೊಂಡದ್ದು ಆಚೆಗೆ ಬಂತು.

"ಅತ್ತೆ, ನಮ್ಮಕ್ಕ ಐಡಾಗೆ ನಮ್ಮಜ್ಜಿ ಚಳಿಗಾಲ ಪೂರ್ತಿ ಇದೇ ಹೊಗೆ ಹಾಕಿದ್ಲು. ಏನಾಯ್ತು? ಸತ್ತುಹೋದ್ಲು. ನನ್ನನ್ನೂ ಕತ್ತು ಹಿಡಿದು ಹೊಗೇಲಿ ಕೂರಿಸಿದ್ಲು, ನಾನೇನೋ ತಪ್ಪು ಮಾಡ್ದಂಗೆ. ಅವಳನ್ನ ಉಳಿಸದೇ ಇದ್ದಿದ್ದು ನಿಮ್ಮನ್ನ ಉಳಿಸುತ್ತಾ?"

ಲೊವೀನಾ ನಿಧಾನಕ್ಕೆ ಈ ಕಡೆ ತಿರುಗಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದ ಈ ಹೆಂಗಸು ಏನು ಹೇಳುತ್ತಿದ್ದಾಳೆ ಎಂಬ ಬೆರಗಿತ್ತು.

"ನನ್ನ ಉಳಿಸೋಕೆ ಅಂತ ಯಾರು ಹೇಳಿದ್ರು?"

"ಮತ್ತೆ?"

"ನನಗೆ ಹಿಡಿಯೋದು ಹಿಡಿದು ಆಯ್ತು. ಹೊಗೆ ಪಕ್ಕದಲ್ಲಿ ಕೂತಿರೋರಿಗೆ ಕಣೆ. ಮೂರು ದಿನದಿಂದ ನನ್ನ ಉಸಿರಲ್ಲಿ ಕೂತಿದೀಯ ನೀನು." ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಕೇಳಿದಳು: "ನಿಮ್ಮಜ್ಜಿ ಕೆಂಡದ ಬಾಣಲೆ ಎಲ್ಲಿ ಇಡ್ತಿದ್ಲು? ನಿಮ್ಮಕ್ಕನ ತಲೆ ಹತ್ರಾನಾ?"

ವರ್ನಾ ಅಲ್ಲವೆಂದು ತಲೆಯಾಡಿಸಿದಳು.

"ಡೇರೇಲಿ ಎಷ್ಟು ಜನ ಇದ್ರಿ? ಎಷ್ಟು ಜನಕ್ಕೆ ಕೆಮ್ಮು ಬಂತು?"

"ಅಕ್ಕಂಗೆ ಮಾತ್ರ," ಅಂದಳು ವರ್ನಾ.

"ಹೂಂ," ಎಂದು ಲೊವೀನಾ ಕಣ್ಣು ಮುಚ್ಚಿದಳು. ದಣಿದಿದ್ದಳು.

ವರ್ನಾ ಎದ್ದು ಹೊರಗೆ ಬಂದಳು. ಅಂಗಳದಲ್ಲಿ ಗಾಳಿ ಹಿಮದ ಪುಡಿ ಎರಚುತ್ತಿತ್ತು. ಗಾಡಿಯ ಬಾಗಿಲಿಗೆ ಒರಗಿ ನಿಂತಳು. ಬಾಣಲೆ ತನ್ನ ಕಂಬಳಿಯ ಪಕ್ಕದಲ್ಲಿತ್ತು. ಐಡಾ ಮಲಗಿದ್ದುದು ಡೇರೆಯ ಆ ತುದಿಯಲ್ಲಿ. ಆ ಚಿತ್ರ ಅವಳ ಕಣ್ಣ ಮುಂದೆ ಎಷ್ಟು ಸಲ ಬಂದಿಲ್ಲ! ಆದರೆ ಬಾಣಲೆ ಯಾಕೆ ಅಲ್ಲಿತ್ತು ಎಂದು ಒಂದು ಸಲವೂ ಕೇಳಿಕೊಂಡಿರಲಿಲ್ಲ. ಒಬ್ಬ ಮೊಮ್ಮಗಳು ಕೈಬಿಟ್ಟು ಹೋಗುತ್ತಿದ್ದಾಳೆಂದು ತಿಳಿದು, ಇನ್ನೊಬ್ಬಳ ಕತ್ತು ಹಿಡಿದು ಕೂತಿದ್ದ ಮುದುಕಿ. ಆ ಕೈಯನ್ನು ತಾನು ಪರಚಿದ್ದಳು. ಹೊಗೆಯೇ ತನ್ನನ್ನು ಕಾಯಿತೋ, ಅದೃಷ್ಟವೋ, ಯಾರಿಗೆ ಗೊತ್ತು? ಅದು ಅವಳಿಗೆ ಅಂದೂ ತಿಳಿಯಲಿಲ್ಲ, ಮುಂದೆಯೂ ತಿಳಿಯಲಿಲ್ಲ. ಆದರೆ ಆ ಹಿಡಿತ ಶಿಕ್ಷೆಯಾಗಿರಲಿಲ್ಲ. ಅಷ್ಟು ತಿಳಿದವಳು ಗಾಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಎಷ್ಟೋ ಹೊತ್ತಿನ ಮೇಲೆ ಎದ್ದು, ಗಾಡಿಯ ಚಕ್ರದ ತಗಡಿನ ಮುಚ್ಚಳ ಕಿತ್ತಳು. ಆಸ್ಪತ್ರೆಯ ಅಡುಗೆಮನೆಯಿಂದ ಅದರಲ್ಲಿ ಕೆಂಡ ಕೇಳಿ ತಂದಳು. ಸೀಟಿನ ಕೆಳಗೆ ಯಾವಾಗಲೂ ಬಿದ್ದಿರುತ್ತಿದ್ದ ಚೀಲದಿಂದ ಬೇರು ತೆಗೆದು ಚೂರು ಮಾಡಿ, ಅತ್ತೆಯ ಕಿಟಕಿಯಿಂದ ದೂರದಲ್ಲಿ, ಅಂಗಳದ ನಡುವೆ ಹೊಗೆ ಎಬ್ಬಿಸಿದಳು. ಹಾಳು ಗಾಳಿ! ಹೊಗೆ ಒಂದಿಷ್ಟೂ ಅವಳ ಹತ್ತಿರ ನಿಲ್ಲದೆ ನೇರ ಅಡುಗೆಮನೆಗೆ ನುಗ್ಗಿತು. ಬೆಂಕಿ ಬಿತ್ತೆಂದು ಅಡುಗೆಯವನು ಬಕೆಟ್ಟು ಹಿಡಿದು ಓಡಿ ಬಂದು, ಕೆಂಡದ ಜೊತೆಗೆ ವರ್ನಾಳ ಬೂಟನ್ನೂ ತೋಯಿಸಿದ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮೈಟೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಕೋಟು ಹಾಕಿಕೊಂಡು ಬಂದಳು.

"ಗಾಡಿ ಅಡ್ಡ ನಿಲ್ಸು. ಗೋಡೆಗೂ ಗಾಡಿಗೂ ನಡುವೆ ಇಟ್ಟರೆ ನಿಲ್ಲುತ್ತೆ."

"ನಿಮ್ಮ ಡಾಕ್ಟ್ರು ಬಯ್ಯಲ್ವಾ?"

"ಅಂಗಳದಲ್ಲಿ ಯಾರು ಏನು ಸುಟ್ರೆ ಅವರಿಗೇನು? ಕಿಟಕಿ ಮಾತ್ರ ನಾನು ತೆಗೆಯಲ್ಲ, ಹೇಳಿದ್ದೀನಿ."

ಮತ್ತೆ ಕೆಂಡ ಬಂತು. ಗೋಡೆ, ಗಾಡಿಗಳ ನಡುವಿನ ಸಂದಿಯಲ್ಲಿ ಹೊಗೆ ನೆಟ್ಟಗೆ ಏರಿತು. ವರ್ನಾ ಅದರೊಳಗೆ ಕುಕ್ಕರುಗಾಲಲ್ಲಿ ಕೂತು, ಕಣ್ಣಲ್ಲಿ ನೀರು ಸುರಿಸುತ್ತ ಉಸಿರು ಎಳೆದುಕೊಂಡಳು. ಪಕ್ಕದಲ್ಲಿ ಮೈಟೆಯೂ ಮುಖ ಕಿವುಚಿ ಕೂತಳು. ತಾನೂ ಮೂರು ದಿನದಿಂದ ಆ ಕೋಣೆಯೊಳಗೇ ಓಡಾಡುತ್ತಿದ್ದೇನಲ್ಲ ಎಂದಳು. ಗಾಜಿನ ಆಚೆ, ದಿಂಬಿಗೆ ಒರಗಿ ಕೂತ ಲೊವೀನಾ ಇಬ್ಬರನ್ನೂ ನೋಡುತ್ತ ಸೂಪಿನ ಬಟ್ಟಲು ಕೈಗೆತ್ತಿಕೊಂಡಳು.

ಲೊವೀನಾ ಆ ಸಲ ಉಳಿದಳು. ಆಸ್ಪತ್ರೆಯ ಸೂಜಿಯಿಂದ ಉಳಿದಳು ಎಂದು ಅವಳೇ ಎಲ್ಲರಿಗೂ ಹೇಳುತ್ತಿದ್ದಳು. ಆ ವಿಷಯದಲ್ಲಿ ಅವಳಿಗೆ ಯಾವ ಗೊಂದಲವೂ ಇರಲಿಲ್ಲ. ಆಮೇಲೂ ಕೆಲವು ಬೇಸಿಗೆ ಬೆಟ್ಟದ ಬುಡದವರೆಗೆ ಬಂದು, ಗಾಡಿಯಲ್ಲೇ ಕೂತು, ಇಳಿಜಾರಿನ ಮೇಲಿದ್ದ ಸೊಸೆಗೆ ಕೇಳಿಸುವ ಹಾಗೆ ಕೂಗಿ ಉಸ್ತುವಾರಿ ಮಾಡಿದಳು. ಕೊನೆಗೆ ಒಂದು ಮಾರ್ಚಿನಲ್ಲಿ, ಕಾಫಿ ಬಿಸಿಯಾಗಿಲ್ಲ ಎಂದು ಗೊಣಗಿ ಮಲಗಿದವಳು ಬೆಳಿಗ್ಗೆ ಏಳಲಿಲ್ಲ. ವರ್ನಾ ಕೂದಲು ಕತ್ತರಿಸಿಕೊಂಡಳು. ಇಪ್ಪತ್ತು ವರ್ಷಕ್ಕೆ ಹತ್ತಿರ ಬಂದಿದ್ದ ಆ ಜಗಳ ಒಂದೇ ಸಲ ನಿಂತು, ಮನೆ ಕಿವುಡಾದಂತಾಯಿತು.

ಅದೇ ವರ್ಷದ ಆಗಸ್ಟಿನಲ್ಲಿ ಮಳೆಯಿಲ್ಲದ ಒಣ ಸಿಡಿಲು ಬಡಿದು ಕೆಂಪಂಚಿನ ಬೆಟ್ಟ ಹೊತ್ತಿಕೊಂಡಿತು. ಸೇಜ್, ಜುನಿಪರ್ ಎಲ್ಲ ಉರಿದು, ಊರಿನ ಮೇಲೆ ಮೂರು ದಿನ ಬೂದಿ ಉದುರಿತು. ವರ್ನಾ ಅಂಗಳದಲ್ಲಿ ನಿಂತು ಕಪ್ಪಾದ ಬೆಟ್ಟವನ್ನು ನೋಡಿದಳು. ಅಯ್ಯೋ ಅನ್ನಿಸಿತು. ಅದರ ಹಿಂದೆಯೇ, ಸದ್ಯ, ಇನ್ನು ಅಗೆಯುವ ಕೆಲಸ ಇಲ್ಲ ಎಂದೂ ಅನ್ನಿಸಿತು. ತನಗೂ ಸೊಂಟ ಹಿಡಿಯುತ್ತಿತ್ತು. ಬೇರು ಕೇಳಿ ಬಂದವರಿಗೆ ಆ ಚಳಿಗಾಲವೆಲ್ಲ ಇದ್ದದ್ದನ್ನು ಕೊಟ್ಟು ಮುಗಿಸಿದಳು. ಆಮೇಲೆ ಬಂದವರಿಗೆ, "ಸುಟ್ಟುಹೋಯ್ತು," ಅಂದಳು.

ಮುಂದಿನ ಜೂನಿನಲ್ಲಿ ಊರ ಆಚೆ ತುದಿಯ ಜೆನೀವಾ ಎಂಬ ತರುಣಿ ಬಂದು ಬಾಗಿಲಲ್ಲಿ ನಿಂತಳು. ಅವಳ ಗಂಡನಿಗೆ ಎದೆ ಕಾಯಿಲೆ, ಇನ್ನೇನೂ ಮಾಡಲಾಗದೆಂದು ಆಸ್ಪತ್ರೆಯಿಂದ ಮನೆಗೆ ಕಳಿಸಿದ್ದರು. ಮನೆಯಲ್ಲಿ ಎರಡು ಸಣ್ಣ ಮಕ್ಕಳು.

"ಒಂದು ಚೂರಾದ್ರೂ ಇದ್ಯಾ ಅಕ್ಕ?"

"ಬೆಟ್ಟ ಸುಟ್ಟಿದ್ದು ನೋಡ್ಲಿಲ್ವಾ? ಎಲ್ಲಾ ಹೋಯ್ತು."

"ನೀವು ಹೋಗಿ ನೋಡಿ ಬಂದ್ರಾ?"

ವರ್ನಾ ಬೆಟ್ಟದ ಕಡೆ ತಿರುಗಿ ನೋಡಿದಳು. ಹೋಗಿರಲಿಲ್ಲ.

ಮರುದಿನ ಬೆಳಿಗ್ಗೆ ಒಬ್ಬಳೇ ಗಾಡಿ ತೆಗೆದಳು. ಪಕ್ಕದ ಸೀಟು ಖಾಲಿ. ಗುಂಡಿ ಬಂದಾಗ ಯಾರೂ ಬೈಯಲಿಲ್ಲ. ಬೆಟ್ಟದ ಬುಡದಲ್ಲಿ ಸುಟ್ಟ ಪೊದೆಗಳ ಕರಿ ಮೋಟುಗಳು ಮಾತ್ರ. ಜುನಿಪರ್ ಮರಗಳು ನಿಂತಲ್ಲೇ ಇದ್ದಿಲಾಗಿದ್ದವು. ಹಾರೆ ಹಿಡಿದು ಮೇಲೆ ಹತ್ತುತ್ತ ಮೊದಲ ಬಂಡೆ ದಾಟಿದವಳು ನಿಂತೇಬಿಟ್ಟಳು.

ಇಳಿಜಾರಿಗೆ ಇಳಿಜಾರೇ ಹಳದಿ. ಮೊದಲು ಪೊದೆಗಳ ಸಂದಿಯಲ್ಲಿ ಅಲ್ಲೊಂದು ಇಲ್ಲೊಂದು ಕಾಣುತ್ತಿದ್ದ ಗಿಡಗಳು ಈಗ ಕರಿ ನೆಲದ ಮೇಲೆ ಬುಡ ಬುಡವಾಗಿ ಎದ್ದು ನಿಂತಿದ್ದವು. ಮೇಲಿನದಷ್ಟೇ ಬೆಂಕಿಗೆ ಸಿಕ್ಕಿತ್ತು. ಒಂದು ಬುಡದ ಪಕ್ಕ ಮೊಣಕಾಲೂರಿ ಮಣ್ಣು ಸರಿಸಿ ನೋಡಿದಳು: ಬೇರಿನ ಕತ್ತು ಕರಕಲಾಗಿತ್ತು. ಒಂದು ಗೇಣು ಕೆಳಗೆ, ಹಾರೆ ತಾಗಿದಲ್ಲಿ, ಬೆಳ್ಳಗೆ ಹಾಲಿನಂಥ ಅಂಟು ಒಸರಿ ಆ ಘಾಟು ಮೂಗಿಗೆ ಬಡಿಯಿತು.

ವರ್ನಾ ಅಗೆಯತೊಡಗಿದಳು. ಸ್ವಲ್ಪ ಹೊತ್ತಿನ ಮೇಲೆ ತನ್ನ ದನಿಯೇ ಕಿವಿಗೆ ಬಿತ್ತು. "ಅಲ್ಲ, ಅದನ್ನಲ್ಲ. ಅದು ಮುದುಕಿ, ಬಿಡು," ಎಂದು ಜೋರಾಗಿ ತನಗೆ ತಾನೇ ಬೈದುಕೊಳ್ಳುತ್ತಿದ್ದಳು. ಹಾರೆ ಕೆಳಗಿಟ್ಟು ಆ ಕರಿ ಮಣ್ಣಿನಲ್ಲೇ ಕೂತು ಅತ್ತಳು. ಕ್ಲೇಟನ್ ಹೋದಾಗ ಅತ್ತದ್ದಕ್ಕಿಂತ ಜೋರಾಗಿ ಅತ್ತಳು, ಕೇಳುವವರು ಯಾರೂ ಇರಲಿಲ್ಲವಲ್ಲ. ತನ್ನನ್ನು ಹೆರದ, ಸಾಕದ, ಒಂದು ಒಳ್ಳೆಯ ಮಾತನ್ನೂ ನೆಟ್ಟಗೆ ಆಡದ ಒಬ್ಬ ಹೆಂಗಸಿಗಾಗಿ ಇಷ್ಟೊಂದು ಅಳು ತನ್ನೊಳಗಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಅತ್ತು ಮುಗಿದ ಮೇಲೆ ಮುಖ ಒರೆಸಿಕೊಂಡಳು; ಕೈಯ ಮಸಿ ಕೆನ್ನೆಗೆಲ್ಲ ಬಳಿದುಕೊಂಡಿತು. ಆರು ಬೇರು ತೆಗೆದು ಮನೆಗೆ ಬಂದಳು.

ಜೆನೀವಾಳ ಮನೆಯಲ್ಲಿ ತಾನೇ ಕೆಂಡ ಹಾಕಿ, ಮಕ್ಕಳ ಹತ್ತಿರ ಬಾಣಲೆ ಇಟ್ಟಳು. ಸಣ್ಣವಳು ಓಡಿಹೋಗಲು ನೋಡಿದಾಗ ಹಿಡಿದು ತೊಡೆಯ ಮೇಲೆ ಕೂರಿಸಿಕೊಂಡು, ಯಾಕೆ ಈ ಹೊಗೆ, ಇದು ಯಾರಿಗಾಗಿ ಎಂದು ಬಿಡಿಸಿ ಬಿಡಿಸಿ ಹೇಳಿದಳು. ಮಗುವಿಗೆ ಎಷ್ಟು ಅರ್ಥವಾಯಿತೋ. ಆದರೂ ಹೇಳಿದಳು. ಜೆನೀವಾಳ ಗಂಡ ಆ ವರ್ಷ ಕಳೆಯುವುದರೊಳಗೆ ತೀರಿಕೊಂಡ. ಮಕ್ಕಳಿಗೆ ಏನೂ ಆಗಲಿಲ್ಲ.

ಐವತ್ತು ದಾಟಿದ ಮೇಲೆ ವರ್ನಾ ಇನ್ನೊಂದು ಮದುವೆಯಾದಳು. ಊರು ಬಾಯಿ ಬಿಟ್ಟುಕೊಂಡು ನೋಡಿತು. ಎಲ್‌ಬರ್ಟ್ ಎಂಬ ವಿಧುರ, ಬೇಲಿ ಕಟ್ಟುವುದು ಅವನ ಕಸುಬು. ಸಾಧು ಮನುಷ್ಯ. ಒಂದೇ ತೊಂದರೆ, ಬೇರಿನ ವಾಸನೆ ಅವನಿಗೆ ಆಗುತ್ತಿರಲಿಲ್ಲ. ಮೊದಲ ವಾರವೇ ಕಂಬಳಿ ಎತ್ತಿಕೊಂಡು ಗಾಡಿಯಲ್ಲಿ ಮಲಗಲು ಹೊರಟ.

"ಈ ಮನೇಲಿ ಯಾರೋ ಟರ್ಪೆಂಟೈನ್ ಕುಡಿದು ಸತ್ತಂಗಿದೆ."

"ನನಗೂ ಮೊದಲು ಹಂಗೇ ಇತ್ತು," ಎಂದಳು ವರ್ನಾ. "ಇಪ್ಪತ್ತು ವರ್ಷದಲ್ಲಿ ಅಭ್ಯಾಸ ಆಗುತ್ತೆ."

"ಅಷ್ಟು ಟೈಮು ನನ್ನ ಹತ್ರ ಇಲ್ಲ ಮಾರಾಯ್ತಿ."

ಆ ಬೇಸಿಗೆ ಅವನು ಬೇಲಿಗೆ ಬಳಸಿ ಮಿಕ್ಕ ಜುನಿಪರ್ ಕಂಬಗಳಿಂದ ಮನೆಯ ಹಿಂದೆ ಒಂದು ಪುಟ್ಟ ಗುಡಿಸಲು ಕಟ್ಟಿಕೊಟ್ಟ. ಒಳಗೆ ತೂಗುಹಾಕಲು ಮೊಳೆಗಳು, ಗಾಳಿಯಾಡಲು ಸಂದಿ, ಕೂರಲು ಒಂದು ಮಣೆ. ಬೇರುಗಳೆಲ್ಲ ಅಲ್ಲಿಗೆ ಹೋದವು. ಕೇಳಿ ಬರುವವರು ಮೊದಲಿನಂತೆ ಮುಂಬಾಗಿಲಿಗೇ ಬರುತ್ತಿದ್ದರು, ಎಲ್‌ಬರ್ಟ್ ಬೇಲಿಯ ತಂತಿ ಸುತ್ತುತ್ತ ಕೂತಲ್ಲಿಂದಲೇ ಹಿತ್ತಲ ಕಡೆ ಕತ್ತು ಚಾಚಿ ಕೂಗುತ್ತಿದ್ದ. ಆ ಕೂಗಿಗೆ ವರ್ನಾ ಏಪ್ರನ್ನಿಗೆ ಕೈ ಒರೆಸಿಕೊಂಡು ಬರುತ್ತಿದ್ದಳು. ವಾಸಿಯಾಗುತ್ತದೆ ಎಂದು ಅವಳು ಕೊನೆಯವರೆಗೂ ಯಾರಿಗೂ ಹೇಳಲಿಲ್ಲ. ಮನೆಯಲ್ಲಿ ಯಾರ್ಯಾರಿದ್ದಾರೆ, ಮಲಗಿದವರ ಪಕ್ಕ ಕೂರುವವರು ಯಾರು, ಅವರಿಗೆ ಊಟ ಮಾಡಿಕೊಡುವವರು ಯಾರು ಎಂದು ಕೇಳುತ್ತಿದ್ದಳು. ಯಾರೂ ಇಲ್ಲವೆಂದರೆ, ಬೇರಿನ ಜೊತೆ ಒಂದು ಪಾತ್ರೆ ಬೀನ್ಸನ್ನೂ ಹೊತ್ತುಕೊಂಡು ತಾನೇ ಗಾಡಿ ಹತ್ತುತ್ತಿದ್ದಳು.